ಲೈಫ್ ಜಾಕೆಟ್ ಕನ್ನಡಿ ಮುಂದ ಹಾಕ್ಕೊಂಡು ನೋಡಿ ಸಮುದ್ರಕ್ಕ ಇಳೀಬ್ಯಾಡ್ರಿ

ಬಾಗಲಕೋಟಿ, ವಿಜಾಪುರ ಕಡೆಯಿಂದ ಕಯಾಕಿಂಗ್ (ಕಯಾಕ್ ಅನ್ನೋ ಸಣ್ಣ ದೋಣ್ಯಾಗ ಕುಂತು ಹುಟ್ಟು ಹಾಕೋದು) ಅಂತ ಕಾರವಾರಕ್ಕ ಹೊಂಟೋರು ಇದನ್ನೊಂದು ಪೂರ್ತಿ ಓದ್ರಿ, ಯಾಕಂದ್ರ ನಾ ಮಾಡಿದ್ದು ಅಪ್ಪಟ ಹುಚ್ಚುತನ.

ನಂಗ ಈಸಾಕ ಚೊಲೋ ಬರತೈತಿ, ಸಣ್ಣಾಂವ ಇದ್ದಾಗ ಸೊಂಟಕ್ಕ ಒಣ ಕುಂಬಳಕಾಯಿ ಕಟ್ಕೊಂಡು ಬಾವ್ಯಾಗ ಕಲ್ತಾಂವ, ಆಲಮಟ್ಟಿ ಹಿನ್ನೀರಾಗ ಎರಡು ವರ್ಷದಿಂದ ಕಯಾಕ್ ಹೊಡೀತೀನಿ, ಅದಕ್ಕ ಸೊಕ್ಕು ಒಂಚೂರು ಜಾಸ್ತೀನ ಇತ್ತು. ಆನ್‌ಲೈನ್‌ನಾಗ 900 ರೂಪಾಯಿದು ಲೈಫ್ ಜಾಕೆಟ್ ತರಿಸಿದ್ನಿ, ಫ್ರೀ ಸೈಜ್, 100 ಕೆಜಿ ತನಕ ನಡೀತೈತಿ ಅಂತ ಬರದಿದ್ರು. ಮನ್ಯಾಗ ಹಾಕ್ಕೊಂಡು ಫೋಟೋ ತಗದು ಸ್ಟೇಟಸ್ ಇಟ್ನಿ, ಅದ ನನ್ನ ಟೆಸ್ಟಿಂಗು.

ನವೆಂಬರ್‌ನಾಗ ನಾನು ನನ್ನ ಗೆಳ್ಯಾ ಕಾಳಿ ನದಿ ಸಮುದ್ರ ಸೇರೋ ಅಳಿವಿ ಹತ್ರ ಇಳದ್ವಿ. ಮುಂಜಾನೆ ನೀರು ಎಣ್ಣಿ ಹಂಗ ಇತ್ತು. ಮಧ್ಯಾಹ್ನ ಸಮುದ್ರದ ಗಾಳಿ ಎದ್ತು, ಅದ ಹೊತ್ತಿಗೆ ಇಳಿತ ಚಾಲೂ ಆಗಿ ನದಿ ನೀರು ಹೊರಗ ನುಗ್ಗಾಕತ್ತಿತ್ತು, ಗಾಳಿ ಒಳಗ ನೂಕಾಕತ್ತಿತ್ತು, ಎರಡೂ ಎದುರಾಬದುರಾ ಆದಲ್ಲಿ ತೆರಿ ಗ್ವಾಡಿ ಹಂಗ ನೆಟ್ಟಗ ನಿಲ್ತಾವ. ಮಗ್ಗಲದಿಂದ ಒಂದು ಬಂದು ಬಡದಿದ್ದಷ್ಟ ಗೊತ್ತು, ನಾ ತಲಿಕೆಳಗ.

ಒಳಗ ನೀರು ಬರಬಾರ್ದಂತ ಸ್ಪ್ರೇ ಸ್ಕರ್ಟ್ (ಸೊಂಟದ ಸುತ್ತ ಕಟ್ಕೊಂಡು ಕಯಾಕಿನ ಬಾಯಿ ಮುಚ್ಚೋ ಹೊದಿಕಿ) ಹಾಕಿರ್ತೀವಲ್ರಿ, ಅದರ ಮುಂದ ಒಂದು ಕುಣಿಕಿ ಇರತೈತಿ, ಜಗ್ಗಿದ್ರ ಬಿಚ್ಚಬೇಕು. ನಂದು ಒಳಗ ಮಡಚಿ ಕುಂತಿತ್ತು. ಕಣ್ಣಿಗೆ ಏನೂ ಕಾಣ್ಸವಲ್ದು, ತಡವರಿಸಿ ತಡವರಿಸಿ ಕಡೀಕ ಮಗ್ಗಲದ ಅಂಚು ಕಿತ್ಕೊಂಡು ಹೊರಗ ಬಂದ್ನಿ. ಬಂದ್ರ ಜಾಕೆಟ್ ಏರಿ ಕಿವಿ ತನಕ! ಗದ್ದ ಅದರಾಗ ಸಿಕ್ಕೊಂಡೈತಿ, ಒಂದ ಕೈಲೆ ಜಾಕೆಟ್ ಕೆಳಗ ಜಗ್ಗೋದು, ಇನ್ನೊಂದು ಕೈಲೆ ಕಯಾಕ್ ಹಿಡ್ಕೊಳ್ಳೋದು, ಸೀಟಿ ಎಲ್ಲೈತಿ? ಕಿಸೆದಾಗ, ಜಿಪ್ ಹಾಕಿ. ಗೆಳ್ಯಾ ಹೊಳ್ಳಿ ನೋಡಿದ್ದಕ್ಕ ಉಳದೀನಿ.

ಊರಿಗೆ ಬಂದು ಕಿರಾಣಿ ಅಂಗಡಿ ಕಾಕಾನ ಹತ್ರ 5 ಕೆಜಿ ಕಬ್ಬಿಣದ ತೂಕದ ಕಲ್ಲು ಇಸ್ಕೊಂಡ್ನಿ ("ಏನಪಾ ತಮ್ಮಾ, ಜಾಕೆಟ್ ಕೆಜಿ ಲೆಕ್ಕದಾಗ ಮಾರ್ತಿಯೇನು" ಅಂದಾ). ಜಾಕೆಟ್‌ಗೆ ಕಟ್ಟಿ ನೀರಿನ ಟಾಕಿಯೊಳಗ ಬಿಟ್ನಿ. ಸಂಜಿಕ ತೇಲ್ತು. ಮರುದಿನ ಮುಂಜಾನೆ ಟಾಕಿ ತಳದಾಗ ಕುಂತಿತ್ತು. ಹೊಲಿಗಿ ಬಿಚ್ಚಿದ್ರ ಒಳಗ ಸ್ಪಂಜಿನ ಚೂರು, ಹಿಂಡಿದ್ರ ನೀರು ದಳದಳ. ಸಮುದ್ರದಾಗ ಇನ್ನೊಂದೆರಡು ತಾಸು ಆಗಿದ್ರ ಏನಾಗ್ತಿತ್ತು ನೀವ ಹೇಳ್ರಿ.

100 ಕೆಜಿ ಅಂತ ಬರದಿದ್ದು ನೋಡಿ ತಗೋಬ್ಯಾಡ್ರಿ, ನ್ಯೂಟನ್ ನೋಡ್ರಿ. 50 ನ್ಯೂಟನ್ ಅಂದ್ರ ಸುಮಾರು 5 ಕೆಜಿ ಎತ್ತೋ ಶಕ್ತಿ, ನೀರಾಗ ಮನುಷ್ಯಾನ ಭಾರ ಭಾಳ ಕಮ್ಮಿ ಇರತೈತಿ ಅದಕ್ಕ ಅಷ್ಟು ಸಾಕಾಗ್ತೈತಿ, ಆದ್ರ ಅದು ಈಸಾಕ ಬರೋರಿಗೆ, ಹತ್ರ ಮಂದಿ ಇದ್ದಾಗ ಅಷ್ಟ, ಎಚ್ಚರ ತಪ್ಪಿದ್ರ ಮಾರಿ ಮ್ಯಾಲ ಮಾಡಿ ತಿರುಗಸ್ತೈತಿ ಅಂತ ನಂಬಬ್ಯಾಡ್ರಿ. ಸೈಜು ಎದಿ ಅಳತಿ ಮ್ಯಾಲ. ಪಟ್ಟಿ ಎಲ್ಲಾ ಬಿಗದು ಹಿಂದಿನಿಂದ ಯಾರರ ಹೆಗಲ ಮ್ಯಾಲಿನ ಪಟ್ಟಿ ಎತ್ತಲಿ, ಗದ್ದಕ್ಕ ಬಂತಂದ್ರ ವಾಪಸ್ ಕಳಸ್ರಿ.

ಈಗ ಹೊಸಾದು ಬಂದೈತಿ. ಹಿನ್ನೀರಾಗ ಎದಿಮಟ ನೀರಿನ್ಯಾಗ, ಗೆಳ್ಯಾನ್ನ ಬಾಜೂಕ ನಿಲ್ಲಿಸಿ, ಬೇಕಂತ ಹತ್ತು ಸಲ ಕಯಾಕ್ ಬೋರಲ ಹಾಕ್ಕೊಂಡು ಕಣ್ಣು ಮುಚ್ಚಿ ಕುಣಿಕಿ ಜಗ್ಗಿ ನೋಡೀನಿ, ಮೂರನೇ ಸಲಕ್ಕ ಮತ್ತ ಒಳಗ ಸಿಕ್ಕಿತ್ತು, ಈಗ ಅದಕ್ಕೊಂದು ಮರದ ಗುಂಡು ಕಟ್ಟೀನಿ. ಸೀಟಿ ಹೆಗಲ ಪಟ್ಟಿಗೆ. ಹಳೇ ಜಾಕೆಟ್ ಹೊಲದು ಕೊಡು, 300ಕ್ಕ ತಗೋತೀನಿ ಅಂತ ಒಬ್ಬಾಂವ ಕೇಳಿದಾ, ಅವನ ಮುಂದನ ಕತ್ರಿಲೆ ಕತ್ತರಿಸಿ ಒಗದ್ನಿ.