ಪ್ಯಾರಾಥೈರಾಯ್ಡ್ ಶಸ್ತ್ರಚಿಕಿತ್ಸೆ: ಹಾರ್ಮೋನ್ ಪರೀಕ್ಷೆಯೋ, ಕ್ಯಾಲ್ಸಿಯಂ ಪರೀಕ್ಷೆಯೋ?

ಕುತ್ತಿಗೆಯಲ್ಲಿರುವ ನಾಲ್ಕು ಪುಟ್ಟ ಪ್ಯಾರಾಥೈರಾಯ್ಡ್ ಗ್ರಂಥಿಗಳ ಶಸ್ತ್ರಚಿಕಿತ್ಸೆಯ ನಡುವೆಯೇ, ಅವು ಸ್ರವಿಸುವ ಮತ್ತು ರಕ್ತದ ಕ್ಯಾಲ್ಸಿಯಂ ಏರಿಸುವ ಪಿಟಿಎಚ್ ಹಾರ್ಮೋನನ್ನು ಅಳೆಯಿಸಬೇಕೇ, ಆಮೇಲೆ ಕ್ಯಾಲ್ಸಿಯಂ ನೋಡಿದರೆ ಸಾಲದೇ ಎಂದು ಕೇಳಿದ್ದೀರಿ. ಮೊದಲು ನೋಡಬೇಕಾದದ್ದು ವೇಗವನ್ನು. ರಕ್ತದಲ್ಲಿರುವ ಪಿಟಿಎಚ್ 3ರಿಂದ 5 ನಿಮಿಷಗಳಲ್ಲೇ ಅರ್ಧಕ್ಕಿಳಿಯುತ್ತದೆ. ಆದ್ದರಿಂದ ರೋಗಗ್ರಸ್ತ ಗ್ರಂಥಿಯನ್ನು ತೆಗೆದ 10 ನಿಮಿಷಗಳ ನಂತರ ರಕ್ತದ ಮಾದರಿ ಪಡೆದು, ತೆಗೆಯುವ ಮುನ್ನ ಇದ್ದ ಗರಿಷ್ಠ ಮಟ್ಟಕ್ಕಿಂತ ಶೇ. 50ಕ್ಕೂ ಹೆಚ್ಚು ಇಳಿದಿದೆಯೇ ಎಂದು ಪರಿಶೀಲಿಸುತ್ತಾರೆ. ಇದನ್ನು ಮಯಾಮಿ ಮಾನದಂಡ ಎನ್ನುತ್ತಾರೆ. ಉದಾಹರಣೆಗೆ, ಪಿಟಿಎಚ್ 240 ಇದ್ದದ್ದು 90ಕ್ಕೆ ಬಂದರೆ ಗಾಯ ಹೊಲಿಯಬಹುದು. 170ರಲ್ಲೇ ನಿಂತರೆ ಇನ್ನೊಂದು ಗ್ರಂಥಿಯೂ ಕೆಟ್ಟಿರಬಹುದೆಂದು ಹುಡುಕಾಟ ಮುಂದುವರಿಯುತ್ತದೆ. ಕ್ಯಾಲ್ಸಿಯಂ ಹಾಗಲ್ಲ, ಅದು ನಿಧಾನವಾಗಿ ಇಳಿದು ಸಾಮಾನ್ಯವಾಗಿ 2ರಿಂದ 4 ದಿನಗಳಲ್ಲಿ ತಳ ಮುಟ್ಟುವುದರಿಂದ, ಮೇಜಿನ ಮೇಲೆ ರೋಗಿ ಮಲಗಿರುವಾಗ ಅದರಿಂದ ತೀರ್ಮಾನ ಸಾಧ್ಯವಿಲ್ಲ.

ವೆಚ್ಚದಲ್ಲಿ ಕ್ಯಾಲ್ಸಿಯಂ ಪರೀಕ್ಷೆಯೇ ಅಗ್ಗ. ತ್ವರಿತ ಪಿಟಿಎಚ್‌ಗೆ ಯಂತ್ರವೂ ಕಿಟ್ಟೂ ಬೇಕು. ಫಲಿತಾಂಶ ಬರುವವರೆಗೆ ಅರಿವಳಿಕೆಯ ಅವಧಿಯೂ ಹಿಗ್ಗುತ್ತದೆ.

ಅಲ್ಟ್ರಾಸೌಂಡ್ ಮತ್ತು ಸೆಸ್ಟಮಿಬಿ ಸ್ಕ್ಯಾನ್ (ಅಲ್ಪ ವಿಕಿರಣಶೀಲ ವಸ್ತು ಚುಚ್ಚಿ ಕೆಟ್ಟ ಗ್ರಂಥಿಯನ್ನು ಪತ್ತೆಹಚ್ಚುವ ಸ್ಕ್ಯಾನ್) ಎರಡೂ ಒಂದೇ ಗ್ರಂಥಿಯನ್ನು ತೋರಿಸಿದ್ದರೆ ಪಿಟಿಎಚ್‌ನಿಂದ ಸಿಗುವ ಹೆಚ್ಚುವರಿ ಲಾಭ ಸಣ್ಣದು. ನಾಲ್ಕೂ ಗ್ರಂಥಿಗಳನ್ನು ಕಣ್ಣಾರೆ ನೋಡುವ ಅನುಭವಿ ಶಸ್ತ್ರಚಿಕಿತ್ಸಕರು ಅದಿಲ್ಲದೆಯೂ ನಿಭಾಯಿಸುತ್ತಾರೆ. ಆದರೆ ಸ್ಕ್ಯಾನ್‌ಗಳು ಹೊಂದಿಕೆಯಾಗದಿದ್ದಾಗ ಅಥವಾ ಕುತ್ತಿಗೆಯನ್ನು ಎರಡನೇ ಬಾರಿ ತೆರೆಯಬೇಕಾದಾಗ, ನನ್ನ ದೃಷ್ಟಿಯಲ್ಲಿ, ಆ ಖರ್ಚು ದುಬಾರಿಯಲ್ಲ.

ಯಾವುದನ್ನು ಆರಿಸಿದರೂ ನಂತರದ ಕ್ಯಾಲ್ಸಿಯಂ ಪರೀಕ್ಷೆ ತಪ್ಪದು: ತುಟಿಯ ಸುತ್ತ, ಬೆರಳ ತುದಿಯಲ್ಲಿ ಜುಮ್ಮೆನ್ನುವುದು ಅದು ತೀರಾ ಇಳಿದಿರುವುದರ ಸೂಚನೆಯಾಗಿರಬಹುದು. ರೋಗ ವಾಸಿಯಾಗಿದೆ ಎಂದು ಹೇಳುವುದೂ 6 ತಿಂಗಳ ನಂತರ ಕ್ಯಾಲ್ಸಿಯಂ ಸಹಜವಾಗಿದ್ದರೆ ಮಾತ್ರ.