ಫೋನಿನ ಹಾಡನ್ನು ಮೈಕ್‌ಸೆಟ್‌ಗೆ ಕೊಡೋಕೆ ಸರಿಯಾದ ಡಬ್ಬಿ: ರೇಡಿಯಲ್ ಪ್ರೋಎವಿ2

ನಮ್ಮಕ್ಕ ಶಿವಮೊಗ್ಗದಲ್ಲಿ ಭರತನಾಟ್ಯ ಹೇಳಿಕೊಡುತ್ತಾಳೆ. ಕಾರ್ಯಕ್ರಮ ಇದ್ದಾಗ ಟ್ರ್ಯಾಕ್ ಹಾಕುವ ಕೆಲಸ ನನ್ನದು. ರಂಗಪ್ರವೇಶಕ್ಕಾದರೆ ಹಿಮ್ಮೇಳದವರು ಬಂದು ಕೂತು ಹಾಡುತ್ತಾರೆ. ಗಣಪತಿ ಪೆಂಡಾಲು, ದಸರಾ ವೇದಿಕೆ, ಶಾಲೆಯ ವಾರ್ಷಿಕೋತ್ಸವ ಅಂದರೆ ರೆಕಾರ್ಡ್ ಮಾಡಿಟ್ಟ ಹಾಡೇ ಗತಿ. ಮಕ್ಕಳು ತಿಂಗಳುಗಟ್ಟಲೆ ಕಲಿತಿರುತ್ತಾರೆ, ಅಪ್ಪ ಅಮ್ಮ ಒಡವೆ, ಸೀರೆ, ಮೇಕಪ್ಪು ಅಂತ ಖರ್ಚು ಮಾಡಿರುತ್ತಾರೆ. ಕೊನೆಗೆ ಎಲ್ಲಾ ನಿಂತಿರುವುದು ಫೋನಿನಿಂದ ಮಿಕ್ಸರ್‌ಗೆ, ಅಂದರೆ ಎಲ್ಲ ಮೈಕುಗಳ ಧ್ವನಿ ಸೇರುವ ಯಂತ್ರಕ್ಕೆ, ಹೋಗುವ ಒಂದು ತಂತಿಯ ಮೇಲೆ. ಆ ತಂತಿಯ ಜಾಗಕ್ಕೆ ನಾನು ತಂದುಕೊಂಡ ಡಬ್ಬಿ ಇದು. ಬಹಳ ಕಾಲದಿಂದ ಬಳಸುತ್ತಿದ್ದೇನೆ, ಹಾಗಾಗಿ ಧೈರ್ಯವಾಗಿ ಬರೆಯುತ್ತಿದ್ದೇನೆ.

ಕೆನಡಾದ ರೇಡಿಯಲ್ ಕಂಪನಿಯ ಪ್ರೋಎವಿ2 ಒಂದು ಸ್ಟೀರಿಯೋ ಡಿಐ ಬಾಕ್ಸ್, ಅಂದರೆ ಫೋನಿನಂಥದರ ಎಡ, ಬಲ ಧ್ವನಿಯನ್ನು ಮೈಕ್ ಕೇಬಲ್ಲಿಗೆ ತಕ್ಕ ಹಾಗೆ ಬದಲಿಸಿ ಕೊಡುವ ಡಬ್ಬಿ. ಗಟ್ಟಿ ಉಕ್ಕಿನ ಮೈ, ಅಂಗೈಗಿಂತ ಸ್ವಲ್ಪ ದೊಡ್ಡದು. ಒಂದು ಕಡೆ 3.5 ಎಂಎಂ (ಹೆಡ್‌ಫೋನ್ ಪಿನ್ನಿನ) ತೂತು, ಆರ್‌ಸಿಎ (ಡಿವಿಡಿ ಪ್ಲೇಯರಿನ ಕೆಂಪು-ಬಿಳಿ ಪಿನ್ನಿನ) ತೂತು, ಕೀಬೋರ್ಡಿಗೆ ಹಾಕುವ ದಪ್ಪ ಜಾಕಿನ ತೂತು. ಇನ್ನೊಂದು ಕಡೆ ಎಡಕ್ಕೊಂದು ಬಲಕ್ಕೊಂದು ಅಂತ ಎರಡು ಎಕ್ಸ್‌ಎಲ್‌ಆರ್, ಅಂದರೆ ಮೈಕ್ ಕೇಬಲ್ ಸಿಕ್ಕಿಸುವ ಜಾಗ. ಬ್ಯಾಟರಿ ಬೇಡ, ಕರೆಂಟೂ ಬೇಡ. ಒಳಗಿರುವುದು ಮುಖ್ಯವಾಗಿ ಟ್ರಾನ್ಸ್‌ಫಾರ್ಮರ್.

ಇಷ್ಟಕ್ಕೆ ಅಷ್ಟು ದುಡ್ಡಾ ಅಂತ ಯಾರಾದರೂ ಕೇಳಿದರೆ ನಾನು ಒಂದು ಪೆಂಡಾಲಿನ ಕಥೆ ಹೇಳುತ್ತೇನೆ. ಊರ ಹೆಸರು ಬೇಡ. ಅಲ್ಲಿನ ಮೈಕ್‌ಸೆಟ್‌ನವರ ಹತ್ತಿರ ಒಂದು ಕಡೆ ಫೋನಿನ ಪಿನ್ನು, ಇನ್ನೊಂದು ಕಡೆ ಎಕ್ಸ್‌ಎಲ್‌ಆರ್ ಇರುವ ಕೇಬಲ್ ಇತ್ತು. ಅವರೇ ಬೆಸುಗೆ ಹಾಕಿದ್ದು. "ಮೇಡಂ, ಯಾವಾಗ್ಲೂ ಇದರಲ್ಲೇ ಹಾಕೋದು, ಏನೂ ಆಗಲ್ಲ" ಅಂದರು. ಚಿಕ್ಕ ಮಕ್ಕಳ ಪುಷ್ಪಾಂಜಲಿ ಶುರುವಾಯಿತು. ಸ್ಪೀಕರಿನಲ್ಲಿ ಕೊಳಲು ಕೇಳುತ್ತಿದೆ, ಎಲ್ಲೋ ಬಾವಿಯೊಳಗಿಂದ ಬಂದ ಹಾಗೆ ಒಂದಿಷ್ಟು ಪ್ರತಿಧ್ವನಿ ಕೇಳುತ್ತಿದೆ. ಹಾಡುವವರ ದನಿಯೇ ಇಲ್ಲ, ಮೃದಂಗವೂ ಇಲ್ಲ. ವಾಲ್ಯೂಮ್ ಏರಿಸಿದಷ್ಟೂ ಕೊಳಲೇ ಜಾಸ್ತಿಯಾಯಿತು. ಮುಂದಿನ ಸಾಲಿನ ಹುಡುಗಿ ಕಾಲೆತ್ತಿ ನಿಂತವಳು ತಾಳ ಸಿಗದೆ ಅಕ್ಕನ ಮುಖ ನೋಡಿದಳು. ಅಕ್ಕ ಸೈಡಿನಿಂದ ಬಾಯಲ್ಲೇ ಸೊಲ್ಲುಕಟ್ಟು (ತಕಧಿಮಿಯಂಥ ತಾಳದ ಮಾತು) ಹೇಳುತ್ತಾ ಹೇಗೋ ಮುಗಿಸಿದಳು.

ಹೀಗೆ ಯಾಕಾಯಿತು ಅಂತ ತಿಳಿದುಕೊಳ್ಳಲೇಬೇಕು. ಯಾಕೆಂದರೆ ಇಂಥ ಕೇಬಲ್ ಈಗಲೂ ಅಲ್ಲಲ್ಲಿ ಇವೆ. ಫೋನಿನ ಪಿನ್ನಿನ ತುದಿಯಲ್ಲಿ ಎಡಗಡೆಯ ಧ್ವನಿ, ಅದರ ಹಿಂದಿನ ಉಂಗುರದಲ್ಲಿ ಬಲಗಡೆಯದು, ಬುಡದಲ್ಲಿ ಗ್ರೌಂಡ್. ಮೈಕ್ ಕೇಬಲ್ಲಿನಲ್ಲೂ ಮೂರೇ ಪಿನ್ನು. 1 ಗ್ರೌಂಡ್. 2 ಮತ್ತು 3ರಲ್ಲಿ ಹೋಗುವುದು ಒಂದೇ ಧ್ವನಿ, ಆದರೆ ಒಂದಕ್ಕೊಂದು ಉಲ್ಟಾ. ಮಿಕ್ಸರ್ 2ರಲ್ಲಿ ಬಂದದ್ದರಿಂದ 3ರಲ್ಲಿ ಬಂದದ್ದನ್ನು ಕಳೆಯುತ್ತದೆ. ದಾರಿಯಲ್ಲಿ ಎರಡೂ ತಂತಿಗೆ ಸಮವಾಗಿ ಅಂಟಿಕೊಂಡ ಗಲಾಟೆ ಹಾಗೆ ಕಳೆದುಹೋಗುತ್ತದೆ, ಮೈಕಿನ ಧ್ವನಿ ಉಳಿಯುತ್ತದೆ. ಮೈಕಿಗೆ ಇದು ಬಹಳ ಒಳ್ಳೆಯ ಏರ್ಪಾಡು. ಆದರೆ ಇದೇ ಜಾಗಕ್ಕೆ ಮೂರಕ್ಕೆ ಮೂರು ಜೋಡಿಸಿ ಸ್ಟೀರಿಯೋ ಹಾಡು ಕೊಟ್ಟರೆ ಮಿಕ್ಸರ್ ಎಡದಿಂದ ಬಲವನ್ನು ಕಳೆಯುತ್ತದೆ. ಎರಡೂ ಕಡೆ ಸಮವಾಗಿ ಇರುವುದು ಏನು? ಮಧ್ಯದಲ್ಲಿ ಕೂರಿಸಿದ ಗಾಯನ ಮತ್ತು ಮೃದಂಗ. ಅದೇ ಮಾಯ! ಕೇಬಲ್ ಕೆಟ್ಟಿರಲಿಲ್ಲ, ಫೋನೂ ಕೆಟ್ಟಿರಲಿಲ್ಲ. ಜೋಡಿಸಿದ ರೀತಿಯೇ ತಪ್ಪು.

ಪ್ರೋಎವಿ2ರಲ್ಲಿ ಈ ತೊಂದರೆ ಬರುವುದಿಲ್ಲ. ಎಡಕ್ಕೆ ಒಂದು ಟ್ರಾನ್ಸ್‌ಫಾರ್ಮರ್, ಬಲಕ್ಕೆ ಒಂದು. ಫೋನಿನ ಧ್ವನಿ ಒಂದು ಸುರುಳಿಗೆ ಹೋಗುತ್ತದೆ, ಪಕ್ಕದ ಸುರುಳಿಯಲ್ಲಿ ಅದೇ ಧ್ವನಿ ಮೈಕಿಗೆ ತಕ್ಕ ರೂಪದಲ್ಲಿ ಏಳುತ್ತದೆ. ಎರಡು ಸುರುಳಿಗಳ ನಡುವೆ ತಂತಿಯ ನಂಟು ಇಲ್ಲ. ಇದರಿಂದ ಇನ್ನೂ ಒಂದು ಲಾಭ ಇದೆ. ಮಿಕ್ಸರಿನಿಂದ ಮೈಕುಗಳಿಗೆ ಬರುವ 48 ವೋಲ್ಟಿನ ಫ್ಯಾಂಟಮ್ ಪವರ್ ಫೋನಿನವರೆಗೆ ಬರುವುದೇ ಇಲ್ಲ. ನಮ್ಮ ಕಡೆಯ ಎಷ್ಟೋ ಮಿಕ್ಸರುಗಳಲ್ಲಿ ಎಲ್ಲ ಚಾನೆಲ್ಲಿಗೂ ಸೇರಿಸಿ ಒಂದೇ ಫ್ಯಾಂಟಮ್ ಸ್ವಿಚ್ ಇರುತ್ತದೆ. ಯಾವುದೋ ಕಂಡೆನ್ಸರ್ ಮೈಕಿಗೆ ಬೇಕು ಅಂತ ಆನ್ ಮಾಡಿದರೆ ನಿಮ್ಮ ಚಾನೆಲ್ಲಿಗೂ ಬಂತು ಅಂತಲೇ ಲೆಕ್ಕ.

ಇನ್ನು ಸ್ಪೀಕರಿನಲ್ಲಿ ಬರುವ ಗುಂಯ್ ಸದ್ದಿನ ವಿಷಯ. ಬರೀ ಫೋನ್ ಆದರೆ ಅಷ್ಟು ಬರುವುದಿಲ್ಲ. ಲ್ಯಾಪ್‌ಟಾಪಿಗೆ ಚಾರ್ಜರ್ ಹಾಕಿ, ಅದರಿಂದ ಹಾಡು ಕೊಟ್ಟು ನೋಡಿ. ಸ್ಟೇಜಿನ ಪ್ಲಗ್ಗಿನ ಅರ್ಥಿಂಗ್ ಒಂದು ಕಡೆ, ಮಿಕ್ಸರಿನ ಅರ್ಥಿಂಗ್ ಇನ್ನೊಂದು ಕಡೆ, ನಡುವೆ ಕೇಬಲ್ ಸೇರಿ ಒಂದು ದೊಡ್ಡ ಸುತ್ತು ಆಗುತ್ತದೆ. ನಮ್ಮ 50 ಹರ್ಟ್ಸ್ ಕರೆಂಟು ಆ ಸುತ್ತಿನಲ್ಲಿ ಗುಂಯ್‌ಗುಡುತ್ತಾ ಕೂತುಬಿಡುತ್ತದೆ. ಇದಕ್ಕೆ ಕೆಲವರು ಪ್ಲಗ್ಗಿನ ಅರ್ಥ್ ಪಿನ್ನನ್ನೇ ಕಿತ್ತು ಹಾಕುತ್ತಾರೆ. ದಯವಿಟ್ಟು ಯಾರೂ ಹಾಗೆ ಮಾಡಬೇಡಿ, ಮಾಡುವವರನ್ನು ಕಂಡರೆ ತಡೆಯಿರಿ. ಮಳೆಗಾಲದ ಪೆಂಡಾಲಿನಲ್ಲಿ ನೆಲ ಒದ್ದೆ, ಮಕ್ಕಳು ಬರಿಗಾಲಲ್ಲಿ, ಕಾಲಿಗೆ ಗೆಜ್ಜೆ. ಆ ಪಿನ್ನು ಇರುವುದೇ ಜೀವ ಉಳಿಸೋಕೆ. ಈ ಡಬ್ಬಿಯ ಗ್ರೌಂಡ್ ಲಿಫ್ಟ್ ಸ್ವಿಚ್ ಒತ್ತಿದರೆ ಬಿಡುವುದು ಆಡಿಯೋ ಕೇಬಲ್ಲಿನ ಗ್ರೌಂಡ್ ಮಾತ್ರ, ಕರೆಂಟಿನ ಅರ್ಥಿಂಗ್ ಹಾಗೇ ಇರುತ್ತದೆ. ನನಗೆ ಇದೊಂದೇ ಕಾರಣ ಸಾಕು.

ಸದ್ದಿನ ಗುಣ ಹೇಗಿದೆ? ಇದರಿಂದ ಹಾಡು ಚೆನ್ನಾಯಿತು ಅಂತ ಹೇಳಲಾರೆ. ಫೋನಿನಲ್ಲಿ ಹೇಗಿದೆಯೋ ಹಾಗೇ ಬರುತ್ತದೆ, ಬೇಕಿದ್ದೂ ಅದೇ. ಕುವೆಂಪು ರಂಗಮಂದಿರದಲ್ಲಿ ತಿಲ್ಲಾನ ನುಡಿಸಿದಾಗ ನಟ್ಟುವಾಂಗದ ತಾಳದ ಅಂಚು ಹಿಂದಿನ ಸಾಲಿಗೂ ಸ್ಪಷ್ಟವಾಗಿ ಕೇಳಿತು. ಮೃದಂಗದ ಎಡಗಡೆಯ ದಪ್ಪ ಸದ್ದು ಕರಗಿ ಹೋಗಲಿಲ್ಲ. ಇಪ್ಪತ್ತು ಮೀಟರ್ ಕೇಬಲ್ ಎಳೆದರೂ ವ್ಯತ್ಯಾಸ ಆಗುವುದಿಲ್ಲ, ಯಾಕೆಂದರೆ ಉದ್ದ ಇರುವುದು ಮೈಕ್ ಕೇಬಲ್. ಫೋನಿನ ತೆಳು ತಂತಿ ಒಂದೂವರೆ ಮೀಟರ್ ಸಾಕು. ಡಬ್ಬಿ ಯಾವಾಗಲೂ ಫೋನಿನ ಪಕ್ಕದಲ್ಲೇ ಇರಲಿ.

ಜೊತೆಗೆ 15 ಡೆಸಿಬೆಲ್ ತಗ್ಗಿಸುವ ಪ್ಯಾಡ್ ಸ್ವಿಚ್ ಇದೆ. ಸಿಡಿ ಪ್ಲೇಯರಿನಂಥ ಜೋರು ಸಿಗ್ನಲ್ಲಿಗೆ ಅದು ಬೇಕಾಗುತ್ತದೆ, ಫೋನಿಗೆ ನನಗೆ ಬೇಕಾಗಿಲ್ಲ. ಫೋನಿನ ವಾಲ್ಯೂಮ್ ಮುಕ್ಕಾಲಿಗಿಂತ ಮೇಲೆ ಇಟ್ಟು, ಉಳಿದದ್ದನ್ನು ಮಿಕ್ಸರಿನ ಗೇನಿನಲ್ಲಿ (ಒಳಗೆ ಬರುವ ಧ್ವನಿಯನ್ನು ಏರಿಸುವ ಗುಂಡಿ) ಸರಿ ಮಾಡಿಸಿ. ಫೋನ್ ಸಣ್ಣಗಿಟ್ಟು ಗೇನ್ ಏರಿಸಿದರೆ ಸುಮ್ನೆ ಹಿಸ್ಸ್ ಅಂತ ಸದ್ದು.

ನಾನು ಫೋನಿಗಿಂತ ಅಕ್ಕನ ಹಳೇ ಐಪಾಡ್ ಕ್ಲಾಸಿಕ್‌ನಲ್ಲೇ ಜಾಸ್ತಿ ಹಾಕುವುದು. ಅದಕ್ಕೆ ಕಾಲ್ ಬರುವುದಿಲ್ಲ, ವಾಟ್ಸಾಪ್ ಟಿಂಗ್ ಅನ್ನುವುದಿಲ್ಲ. ಕೆಳಗಿನ ಅಗಲ ಕನೆಕ್ಟರಿನಿಂದ ಲೈನ್ ಔಟ್ ತೆಗೆದರೆ ವಾಲ್ಯೂಮ್ ಚಕ್ರಕ್ಕೂ ಇದಕ್ಕೂ ಸಂಬಂಧವಿಲ್ಲ, ಕೈ ತಾಗಿ ಹಾಡು ಸಣ್ಣಗಾಗುವ ಭಯವಿಲ್ಲ. ಆಪಲ್ 2022ರಲ್ಲಿ ಐಪಾಡನ್ನೇ ನಿಲ್ಲಿಸಿತು, ನನಗೆ ಇವತ್ತಿಗೂ ಬೇಜಾರಿದೆ. ಫೋನೇ ಗತಿ ಅಂದರೆ ಏರೋಪ್ಲೇನ್ ಮೋಡ್ ಹಾಕಿ, ಹಾಡು ಮೊದಲೇ ಡೌನ್‌ಲೋಡ್ ಆಗಿರಲಿ. ಹೆಡ್‌ಫೋನ್ ತೂತು ಇಲ್ಲದ ಫೋನಿಗೆ ಯುಎಸ್‌ಬಿ-ಸಿ ಅಡಾಪ್ಟರ್ ಬೇಕು. ಅಗ್ಗದ ಕೆಲವು ಅಡಾಪ್ಟರುಗಳು ಒಂದು ಫೋನಿಗೆ ಕೆಲಸ ಮಾಡಿ ಇನ್ನೊಂದಕ್ಕೆ ಮಾಡುವುದಿಲ್ಲ. ಒಳಗೆ ಡಿಎಸಿ (ಡಿಜಿಟಲ್ ಹಾಡನ್ನು ತಂತಿಯಲ್ಲಿ ಹೋಗುವ ಧ್ವನಿಯಾಗಿ ಬದಲಿಸುವ ಚಿಪ್) ಇರುವುದನ್ನೇ ಕೇಳಿ ತಗೊಳ್ಳಿ, ಮನೆಯಲ್ಲೇ ಹಾಕಿ ನೋಡಿ.

ಬ್ಲೂಟೂತ್ ಇದೆಯಲ್ಲ ಅಂತ ತುಂಬಾ ಜನ ಕೇಳುತ್ತಾರೆ. ಮನೆಯ ಪ್ರಾಕ್ಟೀಸಿಗೆ ಸರಿ. ಸಾವಿರ ಫೋನು ತುಂಬಿದ ಪೆಂಡಾಲಿನಲ್ಲಿ ಮಧ್ಯೆ ಕಡಿದು ಹೋದರೆ ಮಕ್ಕಳು ಏನು ಮಾಡಬೇಕು, ಅಲ್ವಾ?

ಕೊರತೆಗಳೂ ಇವೆ. ಬೆಲೆ ಮೊದಲನೆಯದು. ಭಾರತಕ್ಕೆ ಬರುವಷ್ಟರಲ್ಲಿ ಐದಂಕಿ ಮುಟ್ಟುತ್ತದೆ, ಸಣ್ಣ ಶಾಲೆಗೆ ಅದು ಸಣ್ಣ ಮೊತ್ತವಲ್ಲ. 3.5 ಎಂಎಂ ಪಿನ್ನು ಯಾವ ಡಬ್ಬಿಯಲ್ಲಾದರೂ ನಾಜೂಕೇ. ಯಾರಾದರೂ ತಂತಿ ಎಡವಿದರೆ ಕಳಚಿಕೊಳ್ಳುತ್ತದೆ. ನಾನು ತಂತಿಯನ್ನು ಒಂದು ಸುತ್ತು ಸುತ್ತಿ ಮೇಜಿಗೆ ಟೇಪ್ ಹಚ್ಚುತ್ತೇನೆ. ಆಮೇಲೆ, ಸ್ಟೀರಿಯೋ ಬರಬೇಕಾದರೆ ಇದಕ್ಕೆ ಮಿಕ್ಸರಿನಲ್ಲಿ ಎರಡು ಚಾನೆಲ್ ಬೇಕು.

ವರ್ಷಕ್ಕೆ ಒಂದೋ ಎರಡೋ ಕಾರ್ಯಕ್ರಮ ಮಾಡುವವರು ಇದನ್ನು ಕೊಳ್ಳಬೇಕಾಗಿಲ್ಲ. ಟ್ರಾನ್ಸ್‌ಫಾರ್ಮರ್ ಇರುವ ಬೇರೆ ಕಂಪನಿಯ ಅಗ್ಗದ ಸ್ಟೀರಿಯೋ ಡಿಐ ಕೂಡ ಕೆಲಸ ನಡೆಸುತ್ತದೆ. ಕಡಿಮೆ ದರದವುಗಳಲ್ಲಿ ಜೋರು ಹಾಡಿಗೆ ದಪ್ಪ ಸದ್ದು ಒಡೆಯಬಹುದು, ಅಷ್ಟು ನೋಡಿಕೊಳ್ಳಿ. ಮೇಲಿಂದ ಮೇಲೆ ಕಾರ್ಯಕ್ರಮ ಇರುವ ಶಾಲೆ, ನಾಟಕ ತಂಡ, ಮೈಕ್‌ಸೆಟ್ ಬಾಡಿಗೆಗೆ ಕೊಡುವವರು ಕಣ್ಣು ಮುಚ್ಚಿ ತಗೊಳ್ಳಬಹುದು. ಔಟ್ ತೂತು ಇರುವ ಎಲೆಕ್ಟ್ರಾನಿಕ್ ಶ್ರುತಿಪೆಟ್ಟಿಗೆಗೂ ಇದೇ ಡಬ್ಬಿ ಆಗುತ್ತದೆ. ತಗೊಂಡ ಮೇಲೆ ಕಾರ್ಯಕ್ರಮದ ಹಿಂದಿನ ದಿನವೇ ಮೈಕ್‌ಸೆಟ್‌ನವರಿಗೆ ಫೋನ್ ಮಾಡಿ, "ಅಣ್ಣ, ಟ್ರ್ಯಾಕಿಗೆ ಎರಡು ಮೈಕ್ ಚಾನೆಲ್, ಎರಡು ಎಕ್ಸ್‌ಎಲ್‌ಆರ್ ಕೇಬಲ್ ಇಟ್ಟಿರಿ, ಡಿಐ ನಾವೇ ತರ್ತೀವಿ" ಅಂತ ಹೇಳಿಬಿಡಿ.