ಕಾಲು ಮೀಟರ್ ಕೊಡ್ತೀರಾ? ಕೌದಿ ಬಟ್ಟೆಗಾಗಿ ತೀರ್ಥಹಳ್ಳಿಯಿಂದ ಹೆಗ್ಗೋಡಿನವರೆಗೆ

ಮೊದಲೇ ಹೇಳಿಬಿಡುತ್ತೇನೆ, ಇದು ಸೀರೆ ಅಂಗಡಿಗಳ ಬಗ್ಗೆ ಅಲ್ಲ. ಕೌದಿ ಹೊಲಿಯುವವರಿಗೆ ಅಂಗಡಿಯ ಏಸಿ, ಕೂತಲ್ಲಿಗೆ ಬರುವ ಕಾಫಿ ಯಾವುದೂ ಲೆಕ್ಕಕ್ಕಿಲ್ಲ. ನಾವು ಕೇಳುವುದು ಒಂದೇ: ಕಾಲು ಮೀಟರ್ ಕತ್ತರಿಸಿ ಕೊಡ್ತೀರಾ? ಒಂದು ಕೌದಿಗೆ ಇಪ್ಪತ್ತು ಇಪ್ಪತ್ತೈದು ಬಣ್ಣ ಬೇಕು. ಒಂದೊಂದರಲ್ಲಿ ನಾಲ್ಕಾರು ಅಂಗೈಯಷ್ಟಿದ್ದರೆ ಸಾಕು. ಎಲ್ಲದರಲ್ಲೂ ಒಂದೊಂದು ಮೀಟರ್ ಕೊಂಡರೆ ಕೌದಿ ಬಿಟ್ಟು ಅಂಗಡಿ ಇಡಬೇಕಾಗುತ್ತೆ.

"ದುಡ್ಡು ಕೊಟ್ಟು ಬಟ್ಟೆ ತಂದು ಯಾರಾದ್ರೂ ಕೌದಿ ಹೊಲೀತಾರಾ, ಮನೇಲಿ ಹಳೆ ಸೀರೆ ಇಲ್ವಾ" ಅಂತ ಅಮ್ಮ ಕೇಳಿದಳು. ಇವೆ, ರಾಶಿ ಇವೆ. ಆದರೆ ಮುಕ್ಕಾಲು ಪಾಲು ಸಿಂಥೆಟಿಕ್. ಹೊದ್ದರೆ ಜಾರುತ್ತೆ, ಬೆವರು ಹೀರಲ್ಲ. ಅಜ್ಜಿಯ ಎರಡು ಹತ್ತಿ ಸೀರೆ ಉಳಿದಿದ್ದವು, ಅವನ್ನು ಒಳಪದರಕ್ಕೆ ಅಂತ ಎತ್ತಿಟ್ಟು, ಮೇಲಿನ ತುಂಡುಗಳಿಗಾಗಿ ನಾನು ಮತ್ತು ಅತ್ತಿಗೆ ಬೆಳಿಗ್ಗೆ ಏಳಕ್ಕೆ ಕಾರು ಹತ್ತಿದೆವು.

ಮಂಡಗದ್ದೆಯಲ್ಲಿ ಒಂದು ಚಹಾ, ಆಮೇಲೆ ಸೀದಾ ಶಿವಮೊಗ್ಗ. ಗಾಂಧಿ ಬಜಾರಿನಲ್ಲಿ ಕಾರು ನಿಲ್ಲಿಸಲು ಜಾಗ ಹುಡುಕಬೇಡಿ, ದೂರ ನಿಲ್ಲಿಸಿ ನಡೆದೇ ಹೋಗಿ.

ಮೊದಲು ಹೊಕ್ಕಿದ್ದು ಎರಡು ಮಹಡಿಯ ದೊಡ್ಡ ಅಂಗಡಿ. ಹೆಸರು ಬೇಡ. ಒಂದು ಮೀಟರಿಗಿಂತ ಕಡಿಮೆ ಕತ್ತರಿಸಲ್ಲ ಅಂದರು. ಸರಿ, ಹೂವಿನ ಚಿತ್ತಾರ ಚೆನ್ನಾಗಿದೆ ಅಂತ ಎರಡು ಮೀಟರ್ ತೆಗೆದುಕೊಂಡೆ, ₹260. "ಪ್ಯೂರ್ ಕಾಟನ್ ಮೇಡಂ" ಅಂತ ಮೂರು ಸಲ ಹೇಳಿದ್ದೇ ಅತ್ತಿಗೆಗೆ ಅನುಮಾನ. ಹೊರಗೆ ಬಂದು ಅಂಚಿನಿಂದ ಒಂದು ಎಳೆ ಕಿತ್ತು, ಕಾರಿನ ಪಕ್ಕ ನಿಂತು ಕಡ್ಡಿ ಗೀರಿದರು. ಹತ್ತಿಯಾದರೆ ಕಾಗದ ಸುಟ್ಟ ವಾಸನೆ ಬರುತ್ತೆ, ಮುಟ್ಟಿದರೆ ಉದುರುವ ಬೂದಿ ಉಳಿಯುತ್ತೆ. ಇದು ಮುದುಡಿಕೊಂಡು ಕರಗಿತು. ತುದಿಯಲ್ಲಿ ಸಾಸಿವೆ ಕಾಳಿನಷ್ಟು ಗಟ್ಟಿ ಕರಿ ಗಂಟು. ವಾಪಸ್ ಹೋಗಿ ಕೇಳಿದರೆ ಕತ್ತರಿಸಿದ ಬಟ್ಟೆ ವಾಪಸಿಲ್ಲವಂತೆ. ಈಗ ಅದು ಹೊಲಿಗೆ ಯಂತ್ರದ ಮೇಲಿನ ಮುಸುಕು.

ಇಡೀ ತಿರುಗಾಟದಲ್ಲಿ ನನಗೆ ಹಿಡಿಸಿದ್ದು ಒಳಗಿನ ಓಣಿಯ ಒಂದು ಪುಟ್ಟ ಮ್ಯಾಚಿಂಗ್ ಸೆಂಟರ್. ಮ್ಯಾಚಿಂಗ್ ಸೆಂಟರ್ ಅಂದರೆ ಬ್ಲೌಸ್‌ಗೆ ಮಾತ್ರ ಅಂತ ನಾವೆಲ್ಲ ಅಂದುಕೊಂಡಿದ್ದೇವಲ್ಲ, ಕೌದಿಯವರಿಗೆ ಅದಕ್ಕಿಂತ ದೊಡ್ಡ ಖಜಾನೆ ಇಲ್ಲ. ಹತ್ತಡಿ ಅಗಲದ ಅಂಗಡಿ, ನೆಲದಿಂದ ಸೂರಿನವರೆಗೆ ರುಬಿಯಾ ಅನ್ನುವ ಬ್ಲೌಸ್ ಬಟ್ಟೆ, ಹಳದಿ ಒಂದರಲ್ಲೇ ನಿಂಬೆ, ಅರಿಶಿನ, ಸಾಸಿವೆ ಅಂತ ಬೇರೆ ಬೇರೆ ಸಾಲು. ಕಾಲು ಮೀಟರ್ ಕೇಳಿದೆ. ಯಜಮಾನರು ಕನ್ನಡಕ ಮೇಲೆತ್ತಿ, "ಅಷ್ಟರಲ್ಲಿ ತೋಳೂ ಆಗಲ್ವಲ್ಲಮ್ಮ" ಅಂದರು. ಕೌದಿಗೆ ಅಂದೆ. "ಹಂಗಂತ ಮೊದ್ಲೇ ಹೇಳೋದಲ್ವಾ!" ಅಂತ ಕೌಂಟರ್ ಕೆಳಗಿನಿಂದ ಒಂದು ಗೋಣಿಚೀಲ ಎಳೆದರು. ಥಾನಿನ ಕೊನೆಯಲ್ಲಿ ಉಳಿದ ತುಂಡುಗಳು, ಗೇಣುದ್ದದಿಂದ ಅರ್ಧ ಮೀಟರಿನವರೆಗೆ, ತೂಕದ ಲೆಕ್ಕದಲ್ಲಿ. ನಾವಿಬ್ಬರೂ ನೆಲದ ಮೇಲೇ ಕೂತು ಒಂದು ಗಂಟೆ ಆರಿಸಿದೆವು. ಬ್ಲೌಸ್‌ಗೆ ಬಂದ ಗಿರಾಕಿಗಳು ನಮ್ಮನ್ನು ದಾಟಿಕೊಂಡು ಹೋದರು, ಯಾರೂ ಏಳಿ ಅನ್ನಲಿಲ್ಲ.

ಒಂದು ಎಚ್ಚರಿಕೆ. ಗಾಢ ಬಣ್ಣ ಕೊಳ್ಳುವ ಮೊದಲು ಬಿಳಿ ಕರ್ಚೀಫ್ ಒದ್ದೆ ಮಾಡಿ ತುಂಡಿನ ಮೂಲೆಗೆ ಉಜ್ಜಿ ನೋಡಿ. ಈ ಚೀಲದಲ್ಲೂ ಎರಡು ಮರೂನ್ ಬಣ್ಣ ಬಿಟ್ಟವು. ಯಜಮಾನರೇ "ಅದು ಬೇಡ ಬಿಡಿ" ಅಂತ ತೆಗೆದು ಪಕ್ಕಕ್ಕಿಟ್ಟರು.

ಅತ್ತಿಗೆ ಆರಿಸುವ ರೀತಿಯೇ ಬೇರೆ. ಅವರ ತವರು ಯಲ್ಲಾಪುರದ ಕಡೆ, ಅಲ್ಲಿ ಸಿದ್ದಿ ಸಮುದಾಯದ ಹೆಂಗಸರು ಕವಂದಿ, ಅಂದರೆ ಅವರ ಕೌದಿ, ಹೊಲಿಯುವುದನ್ನು ನೋಡಿ ಬೆಳೆದವರು. ಆ ಹೆಂಗಸರು ಅಂಚಿನಿಂದ ಶುರು ಮಾಡಿ ತುಂಡು ಸೇರಿಸುತ್ತಾ ಒಳಗೆ ಒಳಗೆ ಬರುತ್ತಾರೆ, ನಾಲ್ಕು ಮೂಲೆಗೂ ಮಡಿಸಿದ ಬಟ್ಟೆಯ ಫುಲ, ಅಂದರೆ ಹೂವು, ಇಡುತ್ತಾರೆ. ಅಳತೆ ಪಟ್ಟಿ ಇಲ್ಲ, ಹಾಳೆಯ ಮೇಲೆ ನಕ್ಷೆಯೂ ಇಲ್ಲ. ನಾನು ಚೌಕಕ್ಕೆ ಸಾಲುತ್ತಾ ಅಂತ ನೋಡುತ್ತಿದ್ದರೆ ಅತ್ತಿಗೆ ಓರೆಕೋರೆ ತುಂಡನ್ನೇ ಬಾಚಿಕೊಳ್ಳುತ್ತಿದ್ದರು.

ಊಟ ಮುಗಿಸಿ ಆಯನೂರು, ಆನಂದಪುರ ದಾಟಿ ಸಾಗರ. ಪೇಟೆಯಲ್ಲಿ ಎರಡು ಅಂಗಡಿ ನೋಡಿದೆವು, ಅಸ್ತರ್ ಬಟ್ಟೆ ಪರವಾಗಿಲ್ಲ, ಮಿಕ್ಕಿದ್ದೇನೂ ವಿಶೇಷವಿಲ್ಲ. ಅಲ್ಲಿಂದ ಹೆಗ್ಗೋಡು. ಹೆಗ್ಗೋಡು ಅಂದ ಕೂಡಲೇ ಎಲ್ಲರಿಗೂ 1949ರಲ್ಲಿ ಶುರುವಾದ ನಾಟಕ ಸಂಸ್ಥೆ ನೀನಾಸಂ ನೆನಪಾಗುತ್ತೆ, ನಾವು ಹೋಗಿದ್ದು ಪಕ್ಕದ ಭೀಮನಕೋಣೆಯ ಚರಕಕ್ಕೆ. ರಂಗಕರ್ಮಿ ಪ್ರಸನ್ನ ಹಳ್ಳಿಯ ಹೆಂಗಸರನ್ನು ಸೇರಿಸಿ ಕಟ್ಟಿದ ಸಹಕಾರ ಸಂಘ. ಕೈಮಗ್ಗದ ಬಟ್ಟೆ, ಬಣ್ಣವೂ ಗಿಡಮರದ್ದೇ. ಅಡಿಕೆ ಬೇಯಿಸಿ ಉಳಿದ ನೀರಿನಿಂದ, ಅಂದರೆ ಚೊಗರಿನಿಂದ, ಬರುವ ಕೆಂಗಂದು ಬಣ್ಣ ನೋಡಿ ನನಗೆ ನಗು ಬಂತು. ನಮ್ಮನೆಯಲ್ಲಿ ಅದು ಪಂಚೆಗೆ ತಗುಲಿದರೆ ಅಮ್ಮ ಒಂದು ವಾರ ಬೈಯುತ್ತಾಳೆ, ಏನು ಹಾಕಿ ತೊಳೆದರೂ ಹೋಗಲ್ಲ ಅಂತ. ಹೋಗದೇ ಇರುವುದೇ ಇಲ್ಲಿ ಗುಣ!

ಕೈಯಲ್ಲಿ ಹಿಡಿದರೆ ಮಗ್ಗದ ಬಟ್ಟೆಗೆ ಒಂದು ಬಿಸಿ ಇದೆ. ಸೂಜಿ ಸಲೀಸಾಗಿ ಹೋಗುತ್ತೆ. ಆದರೆ ನೇಯ್ಗೆ ಸ್ವಲ್ಪ ಸಡಿಲ, ಕತ್ತರಿಸಿದ ಅಂಚು ಬೇಗ ಎಳೆ ಬಿಡುತ್ತೆ, ಹಾಗಾಗಿ ಒಳಗೆ ಅರ್ಧ ಇಂಚಾದರೂ ಮಡಿಸಿಕೊಳ್ಳಿ. ಸೋಪಿನ ಪುಡಿ ಜಾಸ್ತಿ ಹಾಕಬೇಡಿ, ನೆರಳಲ್ಲಿ ಒಣಗಿಸಿ. ಮಿಲ್ ಬಟ್ಟೆಯ ಬೆಲೆಗೆ ಸಿಗಲ್ಲ, ಸಿಗಬಾರದು ಕೂಡ. ಬೆಳಿಗ್ಗೆಯಿಂದ ಎಲ್ಲರನ್ನೂ ಕಾಲು ಮೀಟರ್ ಕೇಳಿದವಳಿಗೆ ಇಲ್ಲಿ ಮಾತ್ರ ಹಾಗೆ ಕೇಳಲು ಬಾಯಿ ಬರಲಿಲ್ಲ. ಚೊಗರಿನ ಬಣ್ಣದ್ದು ಪೂರಾ ಒಂದು ಮೀಟರ್ ತಂದೆ.

ಹೊಸನಗರದ ಮೇಲೆ ಮಳೆಯಲ್ಲೇ ಮನೆಗೆ ಬಂದೆವು. ಮಾರನೇ ದಿನ ರುಬಿಯಾ ತುಂಡುಗಳನ್ನೆಲ್ಲ ನೀರಿಗೆ ಹಾಕಿ ಬಚ್ಚಲ ಒಲೆಯ ಮೇಲೆ ಹಗ್ಗ ಕಟ್ಟಿ ಒಣಗಿಸಿದ್ದಾಯಿತು. ಹೊಲಿದ ಮೇಲೆ ಕುಗ್ಗಿದರೆ ಕೌದಿ ಸುಕ್ಕು ಬೀಳುತ್ತೆ, ಈ ಕೆಲಸ ತಪ್ಪಿಸಬೇಡಿ. ಈಗ ಮೂರು ಸುತ್ತು ಹೊಲಿಗೆ ಮುಗಿದಿದೆ. ಚೊಗರಿನ ಬಟ್ಟೆ ಇನ್ನೂ ಮಡಿಕೆ ಬಿಚ್ಚಿಲ್ಲ. ಅತ್ತಿಗೆ ಕತ್ತರಿ ಹಿಡಿದು ಎರಡು ಸಲ ಬಂದರು, "ಕಾಲು ಮೀಟರ್ ಕೊಡೇ" ಅಂತ. ನಾನೇ ಕೊಟ್ಟಿಲ್ಲ.